ಬೇಸ್ ಗಿಟಾರ್ ಅದಲು ಬದಲು: ಮೊದಲು ಕುತ್ತಿಗೆ ನೋಡಿ, ಆಮೇಲೆ ಆಂಪ್

ಪ್ರಶ್ನೆ: ಸರ್, ನನ್ನ ಹತ್ತಿರ ಪ್ರಿಸಿಷನ್ ಮಾದರಿಯ ನಾಲ್ಕು ತಂತಿಯ ಪ್ಯಾಸಿವ್ (ಬ್ಯಾಟರಿ ಬೇಡದ) ಬೇಸ್ ಇದೆ. ಅದನ್ನು ಕೊಟ್ಟು, ಮೇಲೆ ಸ್ವಲ್ಪ ದುಡ್ಡು ಸೇರಿಸಿ, ಜಾಝ್ ಮಾದರಿಯ ಐದು ತಂತಿಯ ಆ್ಯಕ್ಟಿವ್ (ಬ್ಯಾಟರಿ ಬೇಕಾದ) ಬೇಸ್ ತೆಗೆದುಕೊಳ್ಳುವ ಮಾತು ನಡೆದಿದೆ. ನೋಡಲು ಒಂದು ಗಂಟೆ ಸಿಗುತ್ತದೆ. ಆಂಪ್‌ಗೆ ಹಾಕಿ ಕೇಳಿದರೆ ಸಾಕೇ?

ಉತ್ತರ: ಸಾಲದು. ಒಳ್ಳೆಯ ಆಂಪ್ ಕೆಟ್ಟ ಬೇಸನ್ನೂ ಚೆನ್ನಾಗಿ ಕೇಳಿಸುತ್ತದೆ. ಮೊದಲ ಇಪ್ಪತ್ತು ನಿಮಿಷ ಕುತ್ತಿಗೆಗೆ ಕೊಡಿ. ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಯಿಲ್), ಪಾಟ್ (ನಾಬ್ ಕೆಳಗಿನ ವಾಲ್ಯೂಮ್, ಟೋನ್ ನಿಯಂತ್ರಕ), ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಸಿಕ್ಕಿಸುವ ಭಾಗ), ತಂತಿ ಬಿಗಿಸುವ ಕೀಗಳು ಎಲ್ಲವನ್ನೂ ಮುಂದೆ ಬದಲಿಸಬಹುದು. ಕುತ್ತಿಗೆ ಕೆಟ್ಟಿದ್ದರೆ ರಿಪೇರಿಯ ಖರ್ಚು ಬೇಸಿನ ಬೆಲೆಯನ್ನೇ ಮೀರಬಹುದು.

ಟ್ಯೂನರ್, ಉಕ್ಕಿನ ಸ್ಕೇಲ್, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು), ಅಲೆನ್ ಕೀಗಳ ಕಟ್ಟು, ಮಲ್ಟಿಮೀಟರ್, ಹೊಸ 9 ವೋಲ್ಟ್ ಬ್ಯಾಟರಿ ಮತ್ತು ನಿಮ್ಮದೇ ಕೇಬಲ್ ಒಯ್ಯಿರಿ. ಫೀಲರ್ ಗೇಜ್ ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ಸಾಕು, ಅದರ ದಪ್ಪ ಹೆಚ್ಚುಕಡಿಮೆ 0.3 ಮಿ.ಮೀ.

ಕೈಗೆ ಬಂದ ಕೂಡಲೇ ಸರಿಯಾದ ಶ್ರುತಿಗೆ ಏರಿಸಿ. ಇದನ್ನು ಬಿಟ್ಟರೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ. 45–105 ಗೇಜಿನ (ದಪ್ಪ, ಇಂಚಿನ ಸಾವಿರದ ಭಾಗದಲ್ಲಿ) ನಾಲ್ಕು ತಂತಿಗಳು ಸೇರಿ ಕುತ್ತಿಗೆಯನ್ನು ಸುಮಾರು 75–80 ಕಿಲೋ ಬಲದಿಂದ ಎಳೆಯುತ್ತವೆ. ಶ್ರುತಿ ಇಳಿಸಿಟ್ಟ ಬೇಸಿನಲ್ಲಿ ಆ ಎಳೆತವಿಲ್ಲದೆ ಬಾಗಿದ ಕುತ್ತಿಗೆಯೂ ನೆಟ್ಟಗೆ ಕಾಣುತ್ತದೆ.

ಈಗ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ (ಫ್ರೆಟ್ ಎಂದರೆ ಬೆರಳುಹಲಗೆಯ ಅಡ್ಡ ಲೋಹಪಟ್ಟಿ), ಕುತ್ತಿಗೆ ಬಾಡಿಯನ್ನು ಸೇರುವ ಜಾಗದ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. 7–8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ 0.25ರಿಂದ 0.35 ಮಿ.ಮೀ. ಸಂದಿ ಇದ್ದರೆ ಸರಿ. ಸಂದಿ ಹೆಚ್ಚೋ ಕಡಿಮೆಯೋ ಇದ್ದ ಮಾತ್ರಕ್ಕೆ ಬೇಡ ಅನ್ನಬೇಡಿ, ಕುತ್ತಿಗೆಯೊಳಗಿನ ಉಕ್ಕಿನ ಸರಳು, ಟ್ರಸ್ ರಾಡ್, ಇರುವುದೇ ಅದನ್ನು ತಿದ್ದಲು. ಆ ರಾಡ್‌ನಲ್ಲಿ ಇನ್ನೂ ಎಷ್ಟು ತಿರುವು ಉಳಿದಿದೆ ಎನ್ನುವುದೇ ಮುಖ್ಯ. ಮಾಲೀಕರ ಕೈಯಿಂದಲೇ ಬಲಕ್ಕೆ ಕಾಲು ಸುತ್ತು ತಿರುಗಿಸಲು ಹೇಳಿ, ಮತ್ತೆ ಅಳೆಯಿರಿ. ಸಂದಿ ಕಡಿಮೆಯಾದರೆ ರಾಡ್ ಕೆಲಸ ಮಾಡುತ್ತಿದೆ. ತಿರುಗದಿದ್ದರೆ, ತಿರುಗಿದರೂ ಸಂದಿ ಹಾಗೇ ಇದ್ದರೆ, ಇಲ್ಲವೇ ಅಲೆನ್ ಕೀ ಹಲ್ಲು ಹಿಡಿಯದೆ ಜಾರಿದರೆ ಅಲ್ಲಿಗೆ ಮಾತು ಮುಗಿಸಿ. 0.8 ಮಿ.ಮೀ. ಸಂದಿ ಉಳಿದು ರಾಡ್ ಪೂರ್ತಿ ಬಿಗಿಯಾಗಿರುವ ಬೇಸ್ ಅರ್ಧ ಬೆಲೆಗೆ ಸಿಕ್ಕರೂ ದುಬಾರಿಯೇ. ತಿರುಗಿಸಲು ಮಾಲೀಕರು ಒಪ್ಪದಿದ್ದರೆ? ರಾಡ್ ಹೋಗಿದೆ ಎಂದೇ ಲೆಕ್ಕ ಹಾಕಿ ಬೆಲೆ ಹೇಳಿ.

ನಂತರ 17ನೇ ಫ್ರೆಟ್ ಮೇಲೆ ತಂತಿಯ ಎತ್ತರ ಅಳೆಯಿರಿ. ತೆಳು ತಂತಿಗೆ 2 ಮಿ.ಮೀ., ದಪ್ಪದ್ದಕ್ಕೆ 2.4 ಮಿ.ಮೀ. ಆಸುಪಾಸು ಇದ್ದರೆ ಕೈಗೆ ಹಿತ. ಜೊತೆಗೇ ಬ್ರಿಡ್ಜ್‌ನ ಸಾಡಲ್‌ಗಳನ್ನೂ (ತಂತಿ ಕೂರುವ ಸಣ್ಣ ತುಂಡುಗಳು) ನೋಡಿ. ಅವು ತಳಕ್ಕೆ ಕೂತಿದ್ದೂ ತಂತಿ 3.5 ಮಿ.ಮೀ. ಎತ್ತರದಲ್ಲಿದ್ದರೆ ಕುತ್ತಿಗೆಯ ಓರೆಯೇ ತಪ್ಪಿದೆ. ಸ್ಕ್ರೂ ಹಾಕಿ ಜೋಡಿಸಿದ ಕುತ್ತಿಗೆಯಾದರೆ, ಅದು ಕೂರುವ ಗುಂಡಿಯಲ್ಲಿ ಬ್ರಿಡ್ಜ್ ಕಡೆಯ ತುದಿಗೆ ಅರ್ಧ ಮಿ.ಮೀ. ಪಟ್ಟಿ ಇಟ್ಟರೆ ಸಾಡಲ್ ಹತ್ತಿರ ಸುಮಾರು 2 ಮಿ.ಮೀ. ಅವಕಾಶ ಸಿಗುತ್ತದೆ. ಕುತ್ತಿಗೆ ಮತ್ತು ಬಾಡಿ ಒಂದೇ ಮರವಾಗಿರುವ ನೆಕ್-ಥ್ರೂ ಬೇಸಿನಲ್ಲಿ ಈ ದಾರಿ ಇಲ್ಲ.

12ನೇ ಫ್ರೆಟ್‌ನಿಂದಾಚೆ ಮಾತ್ರ ಝರ್ ಎಂದರೆ ಕುತ್ತಿಗೆಯ ಬಾಡಿ ಕಡೆಯ ತುದಿ ಮೇಲೆದ್ದಿರುವ ಸಾಧ್ಯತೆ ಹೆಚ್ಚು. ಟ್ರಸ್ ರಾಡಿನ ಹಿಡಿತ ಅಲ್ಲಿವರೆಗೆ ಬರುವುದಿಲ್ಲ. ಆ ಭಾಗದ ಫ್ರೆಟ್‌ಗಳನ್ನು ಉಜ್ಜಿ ಮಟ್ಟ ಮಾಡಿಸಬೇಕು, ಅದಕ್ಕೆ ಫ್ರೆಟ್‌ನಲ್ಲಿ ಎತ್ತರ ಉಳಿದಿರಬೇಕು. ಈಗಾಗಲೇ 0.6 ಮಿ.ಮೀ.ಗೆ ಇಳಿದಿದ್ದರೆ ಹೊಸ ಫ್ರೆಟ್ ಹಾಕಿಸುವ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾನು ನೋಡಿದ ಬೇಸಿನಲ್ಲಿ ಜಿ ತಂತಿಯ 5–6ನೇ ಫ್ರೆಟ್‌ನಲ್ಲಿ ಸ್ವರ ಬೇಗ ಸತ್ತುಹೋಗುತ್ತದೆ. ತಂತಿ ಬದಲಿಸಿದರೂ ಹಾಗೇ. ಫ್ರೆಟ್ ದೋಷವೇ?

ಉತ್ತರ: ಅಲ್ಲ. ಅದು ಡೆಡ್ ಸ್ಪಾಟ್. ಮರದ ಕುತ್ತಿಗೆಗೂ ತನ್ನದೇ ಕಂಪನವಿದೆ. ಬಾರಿಸಿದ ಸ್ವರ ಅದಕ್ಕೆ ಹೊಂದಿಬಿಟ್ಟರೆ ತಂತಿಯ ಶಕ್ತಿಯನ್ನು ಕುತ್ತಿಗೆ ನುಂಗುತ್ತದೆ. ಸ್ಕ್ರೂ ಜೋಡಣೆಯ ಬಹುಪಾಲು ಬೇಸುಗಳಲ್ಲಿ ಜಿ ತಂತಿಯ 4–7ನೇ ಫ್ರೆಟ್ ನಡುವೆ ಇದು ಸ್ವಲ್ಪವಾದರೂ ಇದ್ದೇ ಇರುತ್ತದೆ, ಹೆಸರಾಂತ ಕಂಪನಿಯದೂ ಹೊರತಲ್ಲ. ಪರೀಕ್ಷೆಗೆ ಆಂಪ್ ಬೇಡ. ಒಂದೊಂದೇ ಫ್ರೆಟ್ ಒತ್ತಿ ಒಂದೇ ಬಲದಲ್ಲಿ ಬಾರಿಸಿ, ಎಷ್ಟು ಎಣಿಕೆವರೆಗೆ ನಾದ ಉಳಿಯುತ್ತದೆ ನೋಡಿ. ಅಕ್ಕಪಕ್ಕದವು ಎಂಟು ಎಣಿಕೆ ಉಳಿದು ಅದು ಐದಕ್ಕೆ ಮುಗಿದರೆ ಸಹಿಸಬಹುದು. ಎರಡಕ್ಕೇ ಮುಗಿದರೆ ಬಿಡಿ. ಹೆಡ್‌ಸ್ಟಾಕ್‌ಗೆ (ಕೀಗಳಿರುವ ತುದಿ) ಸಣ್ಣ ಕ್ಲ್ಯಾಂಪ್ ಸಿಕ್ಕಿಸಿ ಭಾರ ಹೆಚ್ಚಿಸಿದರೆ ಆ ಜಾಗ ಒಂದೆರಡು ಫ್ರೆಟ್ ಸರಿಯುತ್ತದೆ, ಮಾಯವಾಗುವುದಿಲ್ಲ. ಹಗುರ ಕೀಗಳನ್ನು ಹಾಕಿದರೂ ಅಷ್ಟೇ.

ಪ್ರಶ್ನೆ (ಮೊದಲನೆಯವರೇ): ಐದನೇ ತಂತಿ, ಬಿ, ಸಡಿಲವಾಗಿ ಕೇಳುತ್ತದೆ ಎನ್ನುತ್ತಾರಲ್ಲ? 35 ಇಂಚು ಸ್ಕೇಲ್‌ನದೇ (ಮಿಡಿಯುವ ತಂತಿಯ ಉದ್ದ) ಹುಡುಕಬೇಕೇ?

ಉತ್ತರ: ಬೆರಳಿಡದೆ ಬಾರಿಸಿದ ಬಿ ತಂತಿಯ ಸ್ವರ ಸುಮಾರು 31 ಹರ್ಟ್ಸ್, ಇ ತಂತಿಯದು 41. ಅದೇ ತಂತಿ, ಅದೇ ಸ್ವರವಾದರೆ ಬಿಗಿತವು ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. 34ರಿಂದ 35 ಇಂಚಿಗೆ ಹೋದರೆ ಸಿಗುವ ಹೆಚ್ಚುವರಿ ಬಿಗಿತ ಶೇ 6 ಅಷ್ಟೇ. 125ರ ಬದಲು 130 ಗೇಜಿನ ತಂತಿ ಹಾಕಿದರೂ ಹತ್ತಿರಹತ್ತಿರ ಅಷ್ಟೇ ಸಿಗುತ್ತದೆ. ಹಾಗಾಗಿ 34 ಇಂಚಿನದೆಂಬ ಕಾರಣಕ್ಕೇ ಬಿಡಬೇಡಿ. ಗಟ್ಟಿ ಕುತ್ತಿಗೆ, ಸರಿಯಾಗಿ ಕೊರೆದ ನಟ್ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿ ಕೂರುವ ಗೀರುಪಟ್ಟಿ), ಹೊಸ ತಂತಿ ಇವೇ ಹೆಚ್ಚು ಕೆಲಸ ಮಾಡುತ್ತವೆ. ಬಿ ತಂತಿಯನ್ನು ನಟ್‌ನಿಂದ 5ನೇ ಫ್ರೆಟ್‌ವರೆಗೆ ಬಾರಿಸಿ ನೋಡಿ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು.

ನಿಮಗೆ ಹೆಚ್ಚು ತೊಡಕಾಗುವುದು ತಂತಿಗಳ ನಡುವಿನ ಅಂತರ. ನಿಮ್ಮ ನಾಲ್ಕು ತಂತಿಯದರಲ್ಲಿ ಬ್ರಿಡ್ಜ್ ಬಳಿ 19 ಮಿ.ಮೀ. ಇರುತ್ತದೆ. ಐದು ತಂತಿಯವುಗಳಲ್ಲಿ 16.5ರಿಂದ 19ರವರೆಗೆ ಬಗೆಬಗೆ. ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಹೊಡೆಯುವ ರೀತಿ) ಬಾರಿಸುವವರಿಗೆ 16.5 ಇಕ್ಕಟ್ಟು.

ಪ್ರಶ್ನೆ: ಸರಿ, ಈಗಲಾದರೂ ಆಂಪ್‌ಗೆ ಹಾಕಬಹುದೇ? ಒಳಗಿನ ವೈರಿಂಗ್ ಬಗ್ಗೆ ಏನೂ ಗೊತ್ತಿಲ್ಲ.

ಉತ್ತರ: ಹಾಕಿ. ಜಾಝ್ ಮಾದರಿಯ ಎರಡು ಸಿಂಗಲ್ ಕಾಯಿಲ್ ಪಿಕಪ್‌ಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸುತ್ತಿರುತ್ತಾರೆ. ಎರಡರ ವಾಲ್ಯೂಮೂ ಪೂರ್ತಿ ಇದ್ದಾಗ ಗುಂಯ್‌ ಸದ್ದು ಅಡಗುತ್ತದೆ, ಒಂದನ್ನು ಇಳಿಸಿದರೆ ಬರುತ್ತದೆ. ಇದು ದೋಷವಲ್ಲ, ಅದರ ಗುಣ. ನಿಮ್ಮ ಪ್ರಿಸಿಷನ್‌ನಲ್ಲಿ 1957ರಿಂದ ಬಂದ, ಗುಂಯ್ ಸದ್ದನ್ನು ತಾನೇ ಅಡಗಿಸುವ ಇಬ್ಭಾಗದ ಪಿಕಪ್ ಇರುವುದರಿಂದ ನಿಮಗೆ ಇದರ ಅಭ್ಯಾಸವಿಲ್ಲ, ಬೆಚ್ಚಬೇಡಿ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ಬ್ರಿಡ್ಜ್‌ನ ಅರ್ಥ್ ವೈರ್ ಸರಿಯಿದೆ. ಮುಟ್ಟಿದರೆ ಹೆಚ್ಚಾಗುವುದಾದರೆ ಎಲ್ಲೋ ಬೆಸುಗೆ ಬಿಟ್ಟಿದೆ ಅಥವಾ ವೈರ್ ಅದಲು ಬದಲಾಗಿದೆ.

ಪಾಟ್ ತಿರುಗಿಸುವಾಗ ಕರಕರ ಎಂದರೆ ಪ್ಯಾಸಿವ್ ಬೇಸಿನಲ್ಲಿ ಸಾಮಾನ್ಯವಾಗಿ ಬರೀ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಸಾಕು. ಆ್ಯಕ್ಟಿವ್‌ನಲ್ಲಿ ಕ್ಲೀನರ್ ಹಾಕಿದ ಮೇಲೂ ಉಳಿದರೆ ಪ್ರಿಆಂಪ್‌ನ (ಒಳಗಿನ ಬ್ಯಾಟರಿ ಸರ್ಕ್ಯೂಟ್) ಕೆಪಾಸಿಟರ್ ಸೋರುತ್ತಿರಬಹುದು. ಒಯ್ದ ಹೊಸ ಬ್ಯಾಟರಿ ಹಾಕಿಯೇ ತೀರ್ಮಾನಿಸಿ. ಬ್ಯಾಟರಿ ಸೋತಾಗ ಸ್ವರ ಒಡೆದು ಕೇಳುತ್ತದೆ. ಪ್ಯಾಸಿವ್‌ಗೆ ಬದಲಿಸುವ ಸ್ವಿಚ್ ಇದ್ದರೆ ಅದನ್ನೂ ಒತ್ತಿ ನೋಡಿ.

ಮಲ್ಟಿಮೀಟರ್ ಉಪಾಯ ಪ್ಯಾಸಿವ್‌ಗೆ ಮಾತ್ರ. ಬೇಸಿಗೆ ಕೇಬಲ್ ಸಿಕ್ಕಿಸಿ ಎಲ್ಲ ನಾಬ್ ಪೂರ್ತಿ ತೆರೆದು, ಇನ್ನೊಂದು ತುದಿಯ ಪ್ಲಗ್ಗಿನ ಮೊನೆಗೂ ಬುಡಕ್ಕೂ ಮೀಟರ್ ಹಿಡಿಯಿರಿ. ಪ್ರಿಸಿಷನ್ ಪಿಕಪ್ ಸುಮಾರು 10 ಕಿಲೋ ಓಮ್ ತೋರಿಸಬೇಕು. ಜಾಝ್‌ನಲ್ಲಿ ಒಂದು ವಾಲ್ಯೂಮ್ ಸೊನ್ನೆಗಿಳಿಸಿದಾಗ 7ರ ಹತ್ತಿರ, ಎರಡೂ ತೆರೆದಾಗ ಅದರ ಅರ್ಧ. ಒಂದು ಪಿಕಪ್ ತೆರೆದಾಗ ಮೀಟರ್ ನೂರು ಕಿಲೋ ಓಮ್ ದಾಟಿತೋ, ಅದರ ಸುರುಳಿ ಕಡಿದಿದೆ.

ಪ್ರಶ್ನೆ (ಮತ್ತೊಬ್ಬರು): 1970ರ ದಶಕದ್ದು, ಎಲ್ಲ ಅಸಲಿ ಎಂದು ಒಬ್ಬರು ಹೇಳುತ್ತಿದ್ದಾರೆ. ಸೀರಿಯಲ್ ನಂಬರ್ ಸಾಕೇ?

ಉತ್ತರ: ಸೀರಿಯಲ್ ನಂಬರ್ ಇರುವುದು ಬಿಚ್ಚಿ ಬದಲಿಸಬಹುದಾದ ಪ್ಲೇಟ್ ಮೇಲೆ ಅಥವಾ ಹೆಡ್‌ಸ್ಟಾಕಿನ ಸ್ಟಿಕ್ಕರ್ ಮೇಲೆ. ಒಳಗಿನ ಪಾಟ್‌ಗಳ ಬೆನ್ನು ನೋಡಿ. 1377514 ಎಂದಿದ್ದರೆ 137 ತಯಾರಕರಾದ ಸಿಟಿಎಸ್ ಕಂಪನಿಯ ಸಂಖ್ಯೆ, 75 ಇಸವಿ, 14 ವಾರ. ಪಾಟ್ ಬೇಸಿಗಿಂತ ಮೊದಲೇ ತಯಾರಾಗಿರುತ್ತದೆ, ಆದ್ದರಿಂದ ಬೇಸ್ ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಅದು ಹೇಳುತ್ತದೆ. 1972ರ ಬೇಸ್ ಎನ್ನುತ್ತಾ ಪಾಟ್ 1975ರದ್ದಾದರೆ, ಕಡಿಮೆಯೆಂದರೂ ರಿಪೇರಿ ಆಗಿದೆ. ಬೆಸುಗೆಯೂ ಮಾತಾಡುತ್ತದೆ. ಮಂಕಾಗಿ ಒಂದೇ ಬಗೆಯಾಗಿದ್ದರೆ ಯಾರೂ ಮುಟ್ಟಿರದ ಸಾಧ್ಯತೆ ಹೆಚ್ಚು, ಒಂದೆರಡು ಮಾತ್ರ ಹೊಳೆಯುತ್ತಿದ್ದರೆ ಯಾರೋ ಕೈ ಹಾಕಿದ್ದಾರೆ.

ದೇಶದಾಚೆಗೆ ಕಳುಹಿಸುವ ವಿಚಾರವಿದ್ದರೆ ಬೆರಳುಹಲಗೆಯ ಮರ ಕೇಳಿ. ಬೀಟೆ ಜಾತಿಯ ಮರಗಳ ಮೇಲೆ 2017ರಲ್ಲಿ ಬಂದ ಸೈಟೀಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿರ್ಬಂಧದಿಂದ 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಬೀಟೆಗೆ ಆ ವಿನಾಯಿತಿ ಇಲ್ಲ, ಅದು 1992ರಿಂದಲೂ ಅತಿ ಬಿಗಿಯಾದ ಮೊದಲ ಅನುಬಂಧದಲ್ಲಿದೆ.

ಪ್ರಶ್ನೆ (ಮೊದಲನೆಯವರು): ಮೇಲೆ ಎಷ್ಟು ದುಡ್ಡು ಕೊಡಬೇಕು ಅನ್ನುವುದು ಹೇಗೆ? ನನ್ನದರಲ್ಲಿ ಪಿಕಪ್, ಬ್ರಿಡ್ಜ್ ಎರಡೂ ದುಬಾರಿಯವು ಹಾಕಿಸಿದ್ದೇನೆ. ಕೊರಿಯರ್‌ನಲ್ಲಿ ಕಳಿಸಬೇಕಾಗಿ ಬಂದರೆ?

ಉತ್ತರ: ಎರಡಕ್ಕೂ ಇತ್ತೀಚೆಗೆ ನಿಜವಾಗಿ ಮಾರಾಟವಾದ ಬೆಲೆ ಹಿಡಿದು ಕಳೆಯಿರಿ. ಜಾಹೀರಾತಿನ ಬೆಲೆ ಬರೀ ಆಸೆ. ಹಾಕಿಸಿದ ಬಿಡಿಭಾಗಕ್ಕೆ ಕೊಟ್ಟ ದುಡ್ಡು ಬೇಸಿನ ಬೆಲೆಗೆ ಪೂರ್ತಿ ಸೇರುವುದಿಲ್ಲ. ಹಳೆಯ ಪಿಕಪ್, ಬ್ರಿಡ್ಜ್ ಇಟ್ಟುಕೊಂಡಿದ್ದರೆ ಅವನ್ನೇ ಮರಳಿ ಹಾಕಿ ಕೊಡಿ, ಹೊಸವನ್ನು ಬೇರೆಯಾಗಿ ಮಾರಿ. ಮರ ಕೊರೆದು ಕೂರಿಸಿದ ಪಿಕಪ್ ಆಗಿದ್ದರೆ ಮುಚ್ಚಿಡದೆ ಮೊದಲೇ ಹೇಳಿ.

ಕಳಿಸುವುದಾದರೆ ಬ್ಯಾಟರಿ ತೆಗೆಯಿರಿ, ಕುತ್ತಿಗೆ ಕಳಚದೆ ಕಳಿಸಿದರೆ ತಂತಿಗಳನ್ನು ಒಂದು ಸ್ವರದಷ್ಟು ಇಳಿಸಿ, ಪೂರ್ತಿ ಸಡಿಲಿಸಬೇಡಿ. ಸ್ಕ್ರೂ ಜೋಡಣೆಯದಾದರೆ ತಂತಿ ಬಿಚ್ಚಿ ಕುತ್ತಿಗೆ ಕಳಚಿ ಪಕ್ಕದಲ್ಲಿಟ್ಟು ಕಟ್ಟುವುದೇ ಕ್ಷೇಮ, ಸ್ಕ್ರೂಗಳನ್ನು ಕವರಿನಲ್ಲಿ ಹಾಕಿ ಬಾಡಿಯ ಮೇಲೆ ಅಂಟಿಸಿ. ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿರುವ ಮಹಾಗನಿ ಕುತ್ತಿಗೆ ಪೆಟ್ಟಿಗೆ ಬಿದ್ದಾಗ ನಟ್ ಹಿಂದೆಯೇ ಮುರಿಯುತ್ತದೆ, ಆ ಭಾಗದ ಕೆಳಗೆ ಗಟ್ಟಿಯಾಗಿ ಕಾಗದ ತುಂಬಿ. ಕಟ್ಟುವ ಮುನ್ನ ನಿಮ್ಮಿಬ್ಬರ ಬೇಸಿನದೂ ಸೀರಿಯಲ್ ನಂಬರ್, ರಾಡಿನ ತುದಿ, ಫ್ರೆಟ್‌ಗಳು, ಒಳಗಿನ ವೈರಿಂಗ್ ಫೋಟೋ ಪರಸ್ಪರ ಕಳಿಸಿಕೊಂಡಿರಲಿ. ತಲುಪಿದ ಮೇಲೆ ಪೆಟ್ಟಿಗೆ ಬಿಚ್ಚುವ ವಿಡಿಯೋ ಮಾಡಿ, ಶ್ರುತಿಗೇರಿಸಿ ಒಂದು ದಿನ ಬಿಟ್ಟು ಮತ್ತೆ ಆ 7ನೇ ಫ್ರೆಟ್ ಸಂದಿ ಅಳೆಯಿರಿ.