ಅಪ್‌ಡೇಟ್: ಅಮ್ಮನಿಗೆ ಅರಿಶಿನ ಸಾರದ ಕ್ಯಾಪ್ಸೂಲ್ ದಿನಕ್ಕೆ ಎಷ್ಟು?

ತೀರ್ಥಹಳ್ಳಿಯಲ್ಲಿರುವ ನನ್ನ ತಾಯಿಯವರಿಗೆ ಮಂಡಿನೋವಿಗೆಂದು ತಂದ ಅರಿಶಿನ ಸಾರದ ಕ್ಯಾಪ್ಸೂಲನ್ನು ದಿನಕ್ಕೆ ಎಷ್ಟು ಕೊಡಬಹುದೆಂದು ಕೇಳಿದ್ದೆ, ಉತ್ತರಿಸಿದವರೆಲ್ಲರಿಗೂ ಧನ್ಯವಾದಗಳು. ಕೆಲವರು ಸೂಚಿಸಿದಂತೆ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದಾಗ, 500 ಮಿಲಿಗ್ರಾಂ ಸಾರದಲ್ಲಿ ಶೇ. 95ರಷ್ಟು, ಅಂದರೆ 475 ಮಿಲಿಗ್ರಾಂ ಕರ್ಕ್ಯುಮಿನಾಯ್ಡ್‌ಗಳೂ (ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಅಂಶಗಳು, ಇವುಗಳಲ್ಲಿ ಮುಖ್ಯವಾದದ್ದು ಕರ್ಕ್ಯುಮಿನ್), ಜೊತೆಗೆ ಕಾಳುಮೆಣಸಿನ ಪೈಪರಿನ್ ಕೂಡ ಇರುವುದು ತಿಳಿಯಿತು. ಮನೆಯ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನಾಯ್ಡ್‌ಗಳು ಸುಮಾರು ಶೇ. 3 ಎಂದು ಹಿಡಿದರೆ ಒಂದೇ ಕ್ಯಾಪ್ಸೂಲು ಹದಿನಾರು ಗ್ರಾಂ ಪುಡಿಗೆ ಸಮನಾಗುತ್ತದೆ. ಸಾರಿಗೆ ಚಿಟಿಕೆ ಹಾಕುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಳ (ಎಫ್‌ಎಓ) ಜಂಟಿ ತಜ್ಞ ಸಮಿತಿ ಕರ್ಕ್ಯುಮಿನ್‌ಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ ಮಿತಿಯನ್ನು ಇಟ್ಟಿದೆ. ಅದು ಆಹಾರದ ಬಣ್ಣವನ್ನು ಜೀವನಪರ್ಯಂತ ಸೇವಿಸುವುದಕ್ಕೆ ಹೇಳಿದ್ದೇ ಹೊರತು ಔಷಧದ ಪ್ರಮಾಣವಲ್ಲ. ಆದರೂ 55 ಕಿಲೋ ತೂಗುವ ಅಮ್ಮನಿಗೆ ಅದರಂತೆ ಬರುವುದು 165 ಮಿಲಿಗ್ರಾಂ ಮಾತ್ರ.

ಆದರೆ ಪ್ರಶ್ನೆ ಪ್ರಮಾಣದ್ದಾಗಿ ಉಳಿಯಲಿಲ್ಲ. ಅಮ್ಮ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಾರೆ. ಅರಿಶಿನ ಸಾರ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಬಹುದು. ಪೈಪರಿನ್ ಕೆಲವು ಔಷಧಗಳು ಯಕೃತ್ತಿನಲ್ಲಿ ವಿಭಜನೆಯಾಗುವುದನ್ನು ನಿಧಾನಗೊಳಿಸುತ್ತದೆ. ಶಿವಮೊಗ್ಗದ ವೈದ್ಯರು ಡಬ್ಬಿಯನ್ನು ನೋಡಿದವರೇ ಕ್ಯಾಪ್ಸೂಲನ್ನು ನಿಲ್ಲಿಸಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ಪರೀಕ್ಷೆಗೆ ಬರೆದುಕೊಟ್ಟರು. ಅಡುಗೆಯ ಅರಿಶಿನಕ್ಕೆ ಅವರ ಅಡ್ಡಿಯಿಲ್ಲ.