ಕಾಲೇಜ್ ಮೇಲ್ ಹೊಸ ಸಿಸ್ಟಮ್‌ಗೆ ಹೋಗ್ತಿದೆ, ಹಳೇ ಫಾರ್ವರ್ಡ್‌ಗಳನ್ನೆಲ್ಲಾ ಏನ್ ಮಾಡೋದು?

ಲ್ಯಾಬ್‌ಮೇಷ್ಟ್ರು:
ನಮಸ್ಕಾರ ಎಲ್ರಿಗೂ. ಇಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡೋನು ನಾನು, ಕಂಪ್ಯೂಟರ್ ಸೈನ್ಸ್ ಅನ್ನೋ ಒಂದೇ ತಪ್ಪಿಗೆ ಮೇಲ್ ಸರ್ವರ್‌ನೂ ನನ್ ತಲೆಗೆ ಕಟ್ಟಿದಾರೆ. ಕ್ಯಾಂಪಸ್ಸಲ್ಲೇ ಜಿಂಬ್ರಾ ಅನ್ನೋ ಮೇಲ್ ಸರ್ವರ್ ಇತ್ತು, ಈಗ ದಸರಾ ರಜೆ ಮುಗಿಯೋದ್ರೊಳಗೆ ಗೂಗಲ್ ವರ್ಕ್‌ಸ್ಪೇಸ್‌ಗೆ (ಸಂಸ್ಥೆಗಳಿಗೆ ಗೂಗಲ್ ಕೊಡೋ ಮೇಲ್ ಸೇವೆ) ಹೋಗ್ಬೇಕಂತೆ. ಡೊಮೇನ್ ಅದೇ, ಐಡಿಗಳೂ ಅವೇ. ಹಳೇ ಮೇಲ್‌ಗಳನ್ನ ಐಮ್ಯಾಪ್‌ಸಿಂಕ್ ಅನ್ನೋ ಟೂಲ್ ಹಾಕಿ ಎಳ್ಕೊಂಡೆ, ಟೆಸ್ಟಿಗೆ ಹಾಕಿದ ಹತ್ತು ಅಕೌಂಟ್ ಚೆನ್ನಾಗೇ ಬಂತು. ತಲೆನೋವು ಫಾರ್ವರ್ಡಿಂಗ್‌ದು. ಅರ್ಧಕ್ಕರ್ಧ ಜನ ಕಾಲೇಜ್ ಐಡಿ ಓಪನ್ನೇ ಮಾಡಲ್ಲ, ಯಾವ್ದೋ ಕಾಲದಲ್ಲಿ ಪರ್ಸನಲ್ ಜೀಮೇಲ್‌ಗೆ ಫಾರ್ವರ್ಡ್ ಹಾಕಿ ಮರ್ತೇಬಿಟ್ಟಿದಾರೆ. ರಿಟೈರ್ ಆದ ಪ್ರೊಫೆಸರ್‌ಗಳು ಬೇರೆ, ಅವ್ರ ಪೇಪರ್‌ಗಳಲ್ಲೆಲ್ಲಾ ಕಾಲೇಜ್ ಐಡಿನೇ ಪ್ರಿಂಟ್ ಆಗಿದೆ, ಅದು ನಿಂತ್ರೆ ಸೀದಾ ಮನೆಗೇ ಫೋನ್ ಬರತ್ತೆ. ಹಳೇ ಸರ್ವರ್‌ನ ಹಂಗೇ ಇಟ್ಟು ಅಲ್ಲಿಂದ ಹೊಸದಕ್ಕೆ ಫಾರ್ವರ್ಡ್ ಮಾಡ್ಕೊಂಡು ಕಾಲ ತಳ್ಳಬಹುದಾ?

ಕ್ಯೂ_ಕಾವಲುಗಾರ:
ಮೇಷ್ಟ್ರೇ, ಮೊದ್ಲು ಒಂದ್ ವಿಷ್ಯ, ಐಮ್ಯಾಪ್‌ಸಿಂಕ್ ತರೋದು ಬರೀ ಮೇಲ್ ಮತ್ತೆ ಫೋಲ್ಡರ್. ಫಿಲ್ಟರ್, ಫಾರ್ವರ್ಡ್, ರಜೆ ಆಟೋ ರಿಪ್ಲೈ ಯಾವ್ದೂ ಬರಲ್ಲ. ಹಾಗಾಗಿ ಹಳೇ ಸರ್ವರ್ ಆಫ್ ಮಾಡೋ ಮುಂಚೆ ಎಲ್ಲಾ ಅಕೌಂಟ್‌ಗಳ ಫಾರ್ವರ್ಡ್ ಅಡ್ರೆಸ್ ಪಟ್ಟಿ ತೆಗೀರಿ. ಜಿಂಬ್ರಾದಲ್ಲಿ ಎರಡು ಥರ ಇರತ್ತೆ, ಯೂಸರ್ ತಾನೇ ಹಾಕ್ಕೊಂಡಿದ್ದು ಒಂದು, ಅಡ್ಮಿನ್ ಹಾಕಿದ ಹಿಡನ್ ಫಾರ್ವರ್ಡ್ ಇನ್ನೊಂದು, ಎರಡನೇದು ಯೂಸರ್ ಕಣ್ಣಿಗೆ ಕಾಣಲ್ಲ. ಜನ ತಪ್ಪೋದು ಅಲ್ಲೇ.

ಆಮೇಲೆ ಹೊರಗಡೆ ಫಾರ್ವರ್ಡ್ ಮಾಡೋದನ್ನ ಆದಷ್ಟು ಕಡಿಮೆ ಮಾಡಿ. ಬ್ಯಾಂಕಿಂದ ಬಂದ ಮೇಲ್‌ನ ನಿಮ್ ಸರ್ವರ್ ಹಂಗೇ ಜೀಮೇಲ್‌ಗೆ ತಳ್ಳಿದ್ರೆ, ಲಕೋಟೆ ಮೇಲೆ ಬ್ಯಾಂಕ್ ಹೆಸರು, ತಂದು ಕೊಡ್ತಿರೋದು ನಿಮ್ ಐಪಿ (ಸರ್ವರ್‌ನ ಇಂಟರ್ನೆಟ್ ವಿಳಾಸ), ಎಸ್‌ಪಿಎಫ್ ಫೇಲ್, ಅಂದ್ರೆ ಆ ಹೆಸ್ರಲ್ಲಿ ಮೇಲ್ ಕಳ್ಸೋಕೆ ಈ ಐಪಿಗೆ ಅನುಮತಿ ಇದ್ಯಾ ಅನ್ನೋ ಪರೀಕ್ಷೆ. ಆಗ ಕಾಪಾಡೋದು ಕಳ್ಸಿದೋರ ಸರ್ವರ್ ಹಾಕಿದ ಡಿಕಿಮ್ ಅನ್ನೋ ಡಿಜಿಟಲ್ ಸಹಿ ಒಂದೇ, ಅದೂ ಮೇಲ್ ಒಳಗೆ ಒಂದಕ್ಷರನೂ ಮುಟ್ಟಿರ್ಬಾರ್ದು. ಸಬ್ಜೆಕ್ಟ್‌ಗೆ 'ಹೊರಗಿನ ಮೇಲ್' ಅಂತ ಸೇರ್ಸೋದು, ಕೆಳಗೆ ಡಿಸ್‌ಕ್ಲೇಮರ್ ಅಂಟ್ಸೋದು ಏನಾದ್ರೂ ಇದ್ರೆ ಡಿಕಿಮ್ಮೂ ಹೋಯ್ತು, ಕಳ್ಸಿದೋರ ಡಿಮಾರ್ಕ್ (ಎರಡೂ ಫೇಲ್ ಆದ್ರೆ ಏನ್ ಮಾಡ್ಬೇಕು ಅನ್ನೋ ಅವ್ರ ಸೂಚನೆ) ರಿಜೆಕ್ಟ್ ಅಂತಿದ್ರೆ ಮೇಲ್ ವಾಪಸ್. 2024ರ ಫೆಬ್ರವರಿಯಿಂದ ಜೀಮೇಲ್ ಇದ್ರಲ್ಲಿ ಇನ್ನೂ ಬಿಗಿ ಆಗಿದೆ. ಸ್ಪ್ಯಾಮ್‌ನೂ ಸೇರಿಸಿ ಫಾರ್ವರ್ಡ್ ಮಾಡ್ತಿದ್ರೆ ನಿಮ್ ಐಪಿಗೇ ಕೆಟ್ಟ ಹೆಸರು, ಯಾರೋ ಮಾಡಿದ್ದು ಯಾರಿಗೋ ಅನ್ನೋ ಹಂಗೆ.

ಮೈಸೂರ್‌ಮಂಡಕ್ಕಿ:
ರಿಟೈರ್ ಆದೋರಿಗೆ ನಾವ್ ಮಾಡಿದ್ದು ಹೇಳ್ತೀನಿ ಸರ್. ಅವ್ರ ಹಳೇ ಐಡಿ ಹೆಸ್ರಲ್ಲೇ ಒಂದು ಗೂಗಲ್ ಗ್ರೂಪ್ ಮಾಡಿ, ಮೆಂಬರ್ ಆಗಿ ಅವ್ರ ಪರ್ಸನಲ್ ಐಡಿ ಒಂದನ್ನೇ ಸೇರಿಸಿದ್ವಿ. ಅಕೌಂಟೂ ಬೇಡ, ಪಾಸ್‌ವರ್ಡೂ ಬೇಡ. ಹೊರಗಿನ ಮೆಂಬರ್‌ನ ಸೇರ್ಸೋಕೆ ಬಿಡ್ಬೇಕು, ಹೊರಗಿನೋರು ಯಾರ್ ಬೇಕಾದ್ರೂ ಪೋಸ್ಟ್ ಮಾಡಬಹುದು ಅಂತನೂ ಇಡ್ಬೇಕು, ಎರಡನೇ ಸೆಟ್ಟಿಂಗ್ ಮರ್ತು ನಾನು ಒಂದ್ ವಾರ ಬೈಸ್ಕೊಂಡೆ. ಕೆಲಸದಲ್ಲಿರೋರು ಯೂಸರ್ ಸೆಟ್ಟಿಂಗಲ್ಲಿ ಫಾರ್ವರ್ಡ್ ಹಾಕ್ಕೋಬೇಕಂದ್ರೆ ಆ ಇನ್ನೊಂದು ಐಡಿಗೆ ಕನ್‌ಫರ್ಮೇಶನ್ ಹೋಗತ್ತೆ, ನೀವ್ ಅವ್ರ ಪರವಾಗಿ ಮಾಡೋಕಾಗಲ್ಲ. ಅದಕ್ಕಿಂತ ಒಂದೇ ಫೋನಲ್ಲಿ ಎರಡೂ ಅಕೌಂಟ್ ಹಾಕಿ ತೋರ್ಸಿಬಿಡಿ, ಮುಕ್ಕಾಲು ಜನಕ್ಕೆ ಫಾರ್ವರ್ಡೇ ಬೇಕಾಗಲ್ಲ.

ಸರ್ವರ್‌ಸಿದ್ದಪ್ಪ:
ನೋಡ್ರಿ ಸರ, ಹಳೇದನ್ನ ಚಾಲೂ ಇಟ್ಟು ಅಲ್ಲಿಂದ ಹೊಸಾದಕ್ಕ ದೂಡ್ತೀನಿ ಅಂದ್ರಲ್ಲ, ಅಲ್ಲೇ ಐತಿ ಮಜಾ. ಡೊಮೇನ್ ಎರಡೂ ಕಡೆ ಒಂದ ಇದ್ದಾಗ ಹಳೇ ಸರ್ವರ್ ಇನ್ನೂ ಈ ಡೊಮೇನ್ ನಂದ ಅಂತ ತಿಳ್ಕೊಂಡಿರ್ತೈತಿ. ಎಂಎಕ್ಸ್ (ಡೊಮೇನಿನ ಮೇಲ್ ಯಾವ ಸರ್ವರಿಗೆ ಹೋಗ್ಬೇಕಂತ ಹೇಳೂ ದಾಖಲೆ) ಬದ್ಲಿ ಮಾಡಿದ್ಮ್ಯಾಲೆ ಹೊರಗಿನ ಮೇಲ್ ಎಲ್ಲಾ ಗೂಗಲ್‌ಗೆ ಸರಿಯಾಗೇ ಹೋಗ್ತಾವ, ಆದ್ರ ಕಾಲೇಜಿನ ಒಳಗಿನ ಇಆರ್‌ಪಿ (ಆಡಳಿತದ ಸಾಫ್ಟ್‌ವೇರ್), ಸ್ಕ್ಯಾನರ್, ಬಯೋಮೆಟ್ರಿಕ್ ಮಶೀನು, ವೆಬ್‌ಸೈಟಿನ ಕಾಂಟ್ಯಾಕ್ಟ್ ಫಾರ್ಮು, ಇವೆಲ್ಲಾ ಹಳೇ ಸರ್ವರಿಗೇ ಮೇಲ್ ಕೊಡ್ತಾವಲ್ಲ, ಅದು ಎಂಎಕ್ಸ್ ನೋಡಂಗೇ ಇಲ್ಲ, ಸೀದಾ ಹಳೇ ಇನ್‌ಬಾಕ್ಸಿನ್ಯಾಗ ಹಾಕಿ ಸುಮ್ನ ಕುಂದರ್ತೈತಿ. ಎರರ್ ಇಲ್ಲ, ಬೌನ್ಸ್ ಇಲ್ಲ. ನಮ್ಮಲ್ಲಿ ಫೀ ರಸೀದಿ ಮೂರು ವಾರ ಹಂಗ ಸತ್ತ ಡಬ್ಬಿಯೊಳಗ ಬಿದ್ದಿದ್ವು.

ಅದಕ್ಕ ಅಲ್ಲಿ ಫಾರ್ವರ್ಡ್ ಹಾಕಬ್ಯಾಡ್ರಿ, ಅದ ಐಡಿಗೆ ಅದ ಐಡಿ ಫಾರ್ವರ್ಡ್ ಹೆಂಗ ಆಗ್ತೈತಿ? ಮೂವ್ ಆದ ಒಂದೊಂದ ಅಕೌಂಟಿನ ಮೇಲ್ ಟ್ರಾನ್ಸ್‌ಪೋರ್ಟ್ (ಮೇಲ್ ಎಲ್ಲಿಗೆ ಮುಟ್ಟಸ್ಬೇಕನ್ನೂ ಸೆಟ್ಟಿಂಗ್) ತಗದು ಗೂಗಲ್ ಎಂಎಕ್ಸಿಗೆ ತೋರಸ್ರಿ. ಹಂಗ ಮಾಡೂವಾಗ ಗೂಗಲ್ ಕಡೆ ಗೊತ್ತಿಲ್ಲದ ಐಡಿ ಬಂದ್ರ ಹಳೇ ಸರ್ವರಿಗೆ ಕಳಸು ಅಂತ ರೂಲ್ ಇಟ್ಟಿದ್ರ, ಒಂದೊಂದು ಮೇಲ್ ಎರಡರ ನಡುವ ಚೆಂಡಿನಂಗ ಓಡಾಡ್ತೈತಿ. ಜಿಂಬ್ರಾ ಒಳಗ ಮೇಲ್ ಸಾಗಸೂದು ಪೋಸ್ಟ್‌ಫಿಕ್ಸ್ ಅನ್ನೂ ಪ್ರೋಗ್ರಾಮು, ಡೀಫಾಲ್ಟ್ 50 ಹಾಪ್ (ಸರ್ವರಿಂದ ಸರ್ವರಿಗೆ ಜಿಗಿತ) ದಾಟಿದ್ರ ವಾಪಸ್ ಒಗಿತೈತಿ. ಎಂಎಕ್ಸ್ ಟಿಟಿಎಲ್ (ಆ ದಾಖಲೆನ ಬ್ಯಾರೆ ಸರ್ವರ್‌ಗಳು ನೆನಪಿಟ್ಕೊಳ್ಳೂ ಹೊತ್ತು) ಎರಡ ದಿನ ಮೊದಲ 300 ಸೆಕೆಂಡಿಗೆ ಇಳಸ್ರಿ, ಅದು ಎಲ್ಲಾರಿಗೂ ಗೊತ್ತಿದ್ದದ್ದ.

ಲ್ಯಾಬ್‌ಮೇಷ್ಟ್ರು:
ಸಿದ್ದಪ್ಪನೋರೇ, ಇಆರ್‌ಪಿ ವಿಷ್ಯ ನನ್ ತಲೆಗೇ ಬಂದಿರ್ಲಿಲ್ಲ, ಕೈ ಮುಗೀತೀನಿ. ಪಟ್ಟಿ ತೆಗ್ದೆ. ಹಿಡನ್ ಫಾರ್ವರ್ಡ್ ಆರು ಸಿಕ್ತು, ಅದ್ರಲ್ಲಿ ಆಫೀಸ್ ಐಡಿಗೆ ಬರೋ ಪ್ರತಿಯೊಂದು ಮೇಲ್‌ನ ಕಾಪಿ ಕೆಲಸ ಬಿಟ್ಟುಹೋದ ಗುಮಾಸ್ತರೊಬ್ಬರ ಯಾಹೂ ಐಡಿಗೆ ಇವತ್ತಿಗೂ ಹೋಗ್ತಿದೆ. ಯಾರ್ ಹಾಕಿದ್ದೋ ದೇವ್ರಿಗೇ ಗೊತ್ತು, ಪ್ರಿನ್ಸಿಪಾಲರಿಗೆ ಹೇಳ್ಬೇಕೋ ಸುಮ್ನೆ ತೆಗೀಬೇಕೋ ಯೋಚ್ನೆ ಮಾಡ್ತಿದೀನಿ. ಇನ್ನೊಂದು, ಎಕ್ಸಾಮ್ ಸೆಕ್ಷನ್ ಸ್ಕ್ಯಾನರ್‌ಗೆ ಹಳೇ ಸರ್ವರ್ ಐಪಿನೇ ಬರ್ದಿದಾರೆ, ಅದಕ್ಕೆ ಪಾಸ್‌ವರ್ಡ್ ಹಾಕೋ ಜಾಗನೇ ಇಲ್ಲ.

ಕ್ಯೂ_ಕಾವಲುಗಾರ:
ಸ್ಕ್ಯಾನರ್‌ಗೆ ವರ್ಕ್‌ಸ್ಪೇಸ್‌ನ ಎಸ್‌ಎಂಟಿಪಿ ರಿಲೇ (ಬೇರೆ ಮಶೀನ್‌ಗಳ ಮೇಲ್ ತಗೊಂಡು ಮುಂದೆ ಕಳ್ಸೋ ಸೇವೆ) ಇದೆ, ಕಾಲೇಜಿನ ಪಬ್ಲಿಕ್ ಐಪಿ ಸೇರಿಸಿದ್ರೆ ಪಾಸ್‌ವರ್ಡ್ ಕೇಳಲ್ಲ. ಯಾಹೂದು ಹೇಳೇ ತೆಗೀರಿ ಮೇಷ್ಟ್ರೇ, ಬರವಣಿಗೆಯಲ್ಲಿ.