ಬಳ್ಳಾರಿಯ ಲೈಸೆನ್ಸ್ ಬ್ರಿಟನ್ನಿನಲ್ಲಿ ಎಷ್ಟು ಕಾಲ ನಡೆಯುತ್ತದೆ?

ಪ್ರಶ್ನೆ (ಬಳ್ಳಾರಿ): ನನ್ನ ತಂಗಿ ಕೆಲಸದ ವೀಸಾದ ಮೇಲೆ ಲೀಡ್ಸ್‌ಗೆ ಹೊರಟಿದ್ದಾಳೆ. ಕೆಎ-34ರಿಂದ ಆರಂಭವಾಗುವ ಇಲ್ಲಿನ ಲೈಸೆನ್ಸ್ ಕಾರ್ಡನ್ನೇ ಇಟ್ಟುಕೊಂಡು ಅಲ್ಲಿ ಎಷ್ಟು ಕಾಲ ಕಾರು ಓಡಿಸಬಹುದು?

ಉತ್ತರ (ರಾಯಚೂರು): ಕಾರ್ಡಿನ ಅವಧಿ ಮುಗಿದಿರದಿದ್ದರೆ, ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು. ಭಾರತದ ಲೈಸೆನ್ಸನ್ನು ಅಲ್ಲಿ ನೇರವಾಗಿ ಬದಲಾಯಿಸಿಕೊಡುವುದಿಲ್ಲವಾದ್ದರಿಂದ, ಆ ಗಡುವಿನೊಳಗೆ ಪ್ರೊವಿಷನಲ್ ಲೈಸೆನ್ಸ್ (ಅಲ್ಲಿನ ಕಲಿಕಾ ಲೈಸೆನ್ಸ್) ಪಡೆದು, ಥಿಯರಿ ಪರೀಕ್ಷೆಯನ್ನೂ ರಸ್ತೆ ಪರೀಕ್ಷೆಯನ್ನೂ ಪಾಸು ಮಾಡಿಕೊಳ್ಳಬೇಕು. ರಸ್ತೆ ಪರೀಕ್ಷೆಯ ದಿನಾಂಕ ಬೇಗ ಸಿಗುವುದಿಲ್ಲ. ದಯವಿಟ್ಟು ಮೊದಲ ತಿಂಗಳುಗಳಲ್ಲೇ ಅರ್ಜಿ ಹಾಕಿಸಿ.

ಉತ್ತರ (ಕೊಪ್ಪಳ): ಅಂತರರಾಷ್ಟ್ರೀಯ ಪರ್ಮಿಟ್ ಬೇಕೆನಿಸಿದರೆ ಪಾಸ್‌ಪೋರ್ಟ್, ವೀಸಾ ಸಮೇತ ಆರ್‌ಟಿಒದಲ್ಲಿ ಹೊರಡುವ ಮೊದಲೇ ಮಾಡಿಸಿ. ಆದರೆ ಅದು ಮೂಲ ಲೈಸೆನ್ಸಿನ ಜೊತೆಗಿರುವ ಕಾಗದವಷ್ಟೇ, 12 ತಿಂಗಳ ಗಡುವನ್ನು ಬೆಳೆಸುವುದಿಲ್ಲ. ಜರ್ಮನಿಯಲ್ಲಾದರೆ ಈ ಗಡುವು 6 ತಿಂಗಳು ಮಾತ್ರ.